ಗೋಡೆ ಪಕ್ಕದ ಮರವನ್ನು ಬರೆದು ನೋಡಬೇಕು

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಚಿತ್ರಗಳನ್ನು ಆರಿಸುವಾಗ ಬರೀ ಪೆನ್ಸಿಲ್ಲಿನಲ್ಲಿ ಬರೆದ ಹಾಳೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತದೆ. ‘ಚೆನ್ನಾಗಿದೆ, ಆದ್ರೆ ಇನ್ನೂ ಬಣ್ಣ ಹಚ್ಬೇಕಲ್ಲ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಈ ಎಣಿಕೆ ಮಕ್ಕಳ ಚಿತ್ರಕ್ಕಷ್ಟೇ ಅಲ್ಲ, ದೊಡ್ಡ ಕಲಾವಿದರ ಕೆಲಸಕ್ಕೂ ಅಂಟಿಕೊಂಡಿದೆ: ಪೆನ್ಸಿಲ್ ಗೆರೆ ಎಂದರೆ ತಯಾರಿ, ಬಣ್ಣ ಎಂದರೆ ಚಿತ್ರ. ನನಗೆ ಈ ವಿಂಗಡಣೆ ಒಪ್ಪಿಗೆಯಿಲ್ಲ. ಗೋಡೆಯ ಪಕ್ಕ ನಿಂತ ನಾಲ್ಕು ಮರಗಳನ್ನು ಪೆನ್ಸಿಲ್ಲಿನಲ್ಲಿ ಬರೆದ ಒಂದು ಹಾಳೆ, ಬರೆದವರಿಗೂ ನೋಡಿದವರಿಗೂ, ಬಣ್ಣದ ಚಿತ್ರ ಸುಲಭಕ್ಕೆ ಕಲಿಸಲಾರದ ವಿದ್ಯೆಯೊಂದನ್ನು ಕಲಿಸುತ್ತದೆ. ಯುರೋಪಿನ ಸಂಗ್ರಹಾಲಯಗಳಲ್ಲಿ ಅದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಅದರ ಅಗತ್ಯ ಮಾತ್ರ ಚಾಮರಾಜನಗರ ಜಿಲ್ಲೆಯ ಬದನಗುಪ್ಪೆಯಂಥ ಊರಿಗೆ ಇವತ್ತು ಹೆಚ್ಚು.

ಮೊದಲು ಉದಾಹರಣೆ ನೋಡೋಣ. ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣದ ಹೊರಗೆ ಜಾ ದ ಬುಫಾನ್ ಎಂಬ ಎಸ್ಟೇಟು ಇದೆ. ಬ್ಯಾಂಕ್ ನಡೆಸುತ್ತಿದ್ದ ಲೂಯಿ ಆಗಸ್ಟ್ ಸೆಜಾನ್ 1859ರಲ್ಲಿ ಅದನ್ನು ಕೊಂಡ. ಕುಟುಂಬ ಅದನ್ನು ಮಾರಿದ್ದು 1899ರಲ್ಲಿ. ಈ ನಲವತ್ತು ವರ್ಷಗಳಲ್ಲಿ ಆ ಮನೆಯ ಮಗ ಪಾಲ್ ಸೆಜಾನ್ (1839–1906) ಅಲ್ಲಿನ ಚೆಸ್ಟ್‌ನಟ್ ಮರಗಳ ಸಾಲನ್ನು, ಕೊಳವನ್ನು, ಗೋಡೆಗಳನ್ನು ಮತ್ತೆ ಮತ್ತೆ ಬರೆದ. 1880ರ ದಶಕದ ನಡುಭಾಗದ ಅವನ ತೈಲಚಿತ್ರವೊಂದು ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದೆ. ಎಲೆ ಉದುರಿದ ಚಳಿಗಾಲದ ಮರಗಳು, ಅವುಗಳ ಹಿಂದೆ ಅಡ್ಡಕ್ಕೆ ಹಾದ ಗೋಡೆ, ಕೊಂಬೆಗಳ ಸಂದಿಯಲ್ಲಿ ದೂರದ ಸ್ಯಾಂತ್ ವಿಕ್ತ್ವಾರ್ ಬೆಟ್ಟ. ಬಣ್ಣ ಬಳಿದ ಚಿತ್ರವಾದರೂ ಅದು ನಿಂತಿರುವುದು ಗೆರೆಗಳ ಮೇಲೆ: ನೆಟ್ಟಗಿನ ಕಾಂಡಗಳು, ಮಟ್ಟಸವಾದ ಗೋಡೆ, ಇವೆರಡಕ್ಕೂ ಸೇರದ ಬೆಟ್ಟದ ಓರೆ.

ಈ ಲೆಕ್ಕಾಚಾರ ಬಯಲಾಗಿ ಕಾಣುವುದು ಸೆಜಾನನ ಪೆನ್ಸಿಲ್ ಹಾಳೆಗಳಲ್ಲಿ. ಮಲಗಿದ ಮಗನ ಮುಖ, ಲೂವ್ರ್ ಸಂಗ್ರಹಾಲಯದ ಶಿಲ್ಪ, ಮನೆಯ ಪೀಠೋಪಕರಣ ಇವುಗಳ ನಡುವೆಯೇ ಮರಗಳೂ ಬರುತ್ತವೆ. ಮರದ ಕಾಂಡಕ್ಕೆ ಅವನು ಒಂದು ಗಟ್ಟಿ ಗೆರೆ ಎಳೆದು ಮುಗಿಸಿಬಿಡುವುದಿಲ್ಲ. ಎರಡು ಮೂರು ಗೆರೆಗಳು ಒಂದರ ಪಕ್ಕ ಒಂದು ಓಡುತ್ತವೆ, ಅಲ್ಲಲ್ಲಿ ತುಂಡಾಗುತ್ತವೆ. ಎಲೆಗೆ ಎಲೆಯ ಆಕಾರವಿಲ್ಲ; ಒಂದೇ ಕಡೆಗೆ ವಾಲಿದ ಓರೆ ಗೀಟುಗಳ ಗುಂಪಿದೆ. ಹಾಳೆಯ ದೊಡ್ಡ ಭಾಗ ಬಿಳಿಯಾಗಿಯೇ ಉಳಿದಿರುತ್ತದೆ. ಅಭ್ಯಾಸವಿಲ್ಲದ ಕಣ್ಣಿಗೆ ಇದು ಅಳುಕಿನ ಕೈಯ ಕೆಲಸದಂತೆ ಕಂಡೀತು. ಆದರೆ ಕಾಂಡ ದುಂಡಗಿನ ವಸ್ತು. ದುಂಡಗಿನದಕ್ಕೆ ಅಂಚು ಎಂಬ ಗೆರೆ ನಿಜದಲ್ಲಿ ಇರುವುದೇ ಇಲ್ಲ. ನೋಡುವವರು ತಲೆ ಒಂದಿಷ್ಟು ಸರಿಸಿದರೆ ಅಂಚೂ ಸರಿಯುತ್ತದೆ. ಒಂದೇ ಗೆರೆಯಲ್ಲಿ ಅದನ್ನು ಕಟ್ಟಿಹಾಕಿದರೆ ಸುಳ್ಳಾಗುತ್ತದೆ ಎಂದು ಕಂಡುಕೊಂಡವನು ಮಾತ್ರ ಹಾಗೆ ಬರೆಯಬಲ್ಲ.

ಮರದ ಪಕ್ಕಕ್ಕೆ ಗೋಡೆ ಬಂದರೆ ಕೆಲಸ ಇನ್ನೂ ಬಿಗಿಯಾಗುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಮರವನ್ನು ಹೇಗೆ ಬರೆದರೂ ನಡೆದೀತು; ಕೊಂಬೆ ಎರಡು ಬೆರಳು ಆಚೆ ಹೋದರೆ ಕೇಳುವವರಿಲ್ಲ. ಗೋಡೆ ಇದ್ದಲ್ಲಿ ಪ್ರತಿಯೊಂದಕ್ಕೂ ಲೆಕ್ಕ ಕೊಡಬೇಕು. ಕಾಂಡ ಗೋಡೆಯ ಮುಂದಿದೆಯೋ ಹಿಂದಿದೆಯೋ? ಗೋಡೆಯ ಮೇಲಂಚು ಕಾಂಡವನ್ನು ಎಷ್ಟು ಎತ್ತರದಲ್ಲಿ ದಾಟುತ್ತದೆ? ಮರ ಎತ್ತ ವಾಲಿದೆ? ಎರಡು ಮರಗಳ ನಡುವಿನ ತೆರಪು ಯಾವ ಆಕಾರದ್ದು? ಬಣ್ಣದಲ್ಲಿ ಈ ಪ್ರಶ್ನೆಗಳನ್ನು ತೇಲಿಸಿಬಿಡಬಹುದು: ಹಿಂದಿನದಕ್ಕೆ ತೆಳು ನೀಲಿ, ಮುಂದಿನದಕ್ಕೆ ದಟ್ಟ ಹಸಿರು ಬಳಿದರೆ ದೂರ ಹತ್ತಿರಗಳು ಹೇಗೋ ತೋರುತ್ತವೆ. ಪೆನ್ಸಿಲ್ಲಿಗೆ ಆ ಸೌಕರ್ಯವಿಲ್ಲ. ಗೆರೆಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒತ್ತಬೇಕು, ಎಲ್ಲಿ ಬರೆಯದೆ ಬಿಡಬೇಕು ಇವಿಷ್ಟೇ ಅದರ ಕೈಲಿರುವ ಉಪಾಯ. ಹಾಗಾಗಿ ಅಲ್ಲಿನ ಗೆರೆಗೆರೆಯೂ ಒಂದು ತೀರ್ಮಾನ. ನೋಡುವವರು ಆ ತೀರ್ಮಾನಗಳನ್ನು ಒಂದೊಂದಾಗಿ ಓದಬಹುದು, ಒಪ್ಪಬಹುದು, ತಕರಾರು ತೆಗೆಯಬಹುದು.

ವಿನ್ಸೆಂಟ್ ವ್ಯಾನ್ ಗೋ ಈ ಶಿಸ್ತನ್ನು ತೈಲವರ್ಣಕ್ಕೆ ಇಳಿಯುವ ಮೊದಲೇ ರೂಢಿಸಿಕೊಂಡಿದ್ದ. 1882ರಲ್ಲಿ ಹೇಗ್ ನಗರದಲ್ಲಿದ್ದಾಗ ಬಡಗಿಗಳು ಹಲಗೆಗೆ ಗುರುತು ಹಾಕುವ ದಪ್ಪ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಗೆರೆಯ ಹೊಳಪು ತಗ್ಗಿ ಕಪ್ಪು ನಿಲ್ಲಲಿ ಎಂದು ಹಾಳೆಗೆ ಹಾಲು ಹಾಕುತ್ತಿದ್ದ. ದೂರ ಹತ್ತಿರಗಳ ಅಳತೆ ತಪ್ಪದಿರಲೆಂದು ಚೌಕಟ್ಟೊಂದನ್ನು ಮಾಡಿಸಿಕೊಂಡು, ಅದಕ್ಕೆ ಅಡ್ಡಡ್ಡ ಕಟ್ಟಿದ ಎಳೆಗಳ ಮೂಲಕ ನೋಡಿ ಬರೆಯುತ್ತಿದ್ದ. ಆ ವರ್ಷದ ಒಂದು ಚಿತ್ರದಲ್ಲಿ ಮರಳು ನೆಲದಿಂದ ಅರ್ಧ ಕಿತ್ತುಬಂದ ಮರದ ಬೇರುಗಳಷ್ಟೇ ಇವೆ. ಬದುಕಿನ ಹೋರಾಟದ ಏನನ್ನೋ ಅದರಲ್ಲಿ ಹೇಳಹೊರಟಿದ್ದಾಗಿ ಅವನು ತಮ್ಮ ಥಿಯೊಗೆ ತಿಳಿಸಿದ್ದ. ಏಳು ವರ್ಷದ ಮೇಲೆ, 1889ರ ಮೇ ತಿಂಗಳಲ್ಲಿ, ತಾನಾಗಿಯೇ ದಕ್ಷಿಣ ಫ್ರಾನ್ಸಿನ ಸ್ಯಾಂ ರೆಮಿಯ ಮಾನಸಿಕ ಆಸ್ಪತ್ರೆಗೆ ಸೇರಿ ಒಂದು ವರ್ಷ ಅಲ್ಲಿದ್ದ. ಮೊದಮೊದಲು ಆವರಣದ ತೋಟ ಮತ್ತು ಕಿಟಕಿಯಿಂದ ಕಾಣುವ, ಗೋಡೆ ಸುತ್ತುವರಿದ ಗೋಧಿ ಹೊಲವೇ ಅವನಿಗೆ ಸಿಕ್ಕ ವಸ್ತು. ಅದು ಸಾಲದೆಂದು ಅವನು ಕೈಕಟ್ಟಿ ಕೂರಲಿಲ್ಲ. ಅದೇ ಗೋಡೆಯನ್ನು, ಅದನ್ನು ಮೀರಿ ಬೆಳೆದ ಅದೇ ಪೈನ್ ಮರಗಳನ್ನು ಹಲವು ಸಲ ಬರೆದ. ನೋಡಲು ಬಲ್ಲವರಿಗೆ ಒಂದು ಕಾಂಪೌಂಡಿನೊಳಗೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸೆಜಾನ್, ವ್ಯಾನ್ ಗೋ, ಗೋಗ್ಯಾನ್ ಮೊದಲಾದವರ ಕೆಲಸವನ್ನು ಇಂಗ್ಲಿಷ್ ವಿಮರ್ಶಕ ರೋಜರ್ ಫ್ರೈ 1910ರಲ್ಲಿ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಒಟ್ಟಿಗೆ ತೋರಿಸಿದ. ಪೋಸ್ಟ್ ಇಂಪ್ರೆಷನಿಸಂ ಎಂಬ ಹೆಸರು ಬಳಕೆಗೆ ಬಂದದ್ದು ಆಗಲೇ. ನೋಡಲು ಬಂದ ಬಹಳ ಮಂದಿ ನಕ್ಕರು, ಬೈದರು. ಆದರೆ ಆ ಕಲಾವಿದರು ಎತ್ತಿದ್ದು ನ್ಯಾಯವಾದ ಪ್ರಶ್ನೆ. ಅವರ ಹಿಂದಿನ ಇಂಪ್ರೆಷನಿಸ್ಟರು ಮರದ ಮೇಲೆ ಬೀಳುವ ಕ್ಷಣದ ಬೆಳಕನ್ನು ಹಿಡಿದರು; ಬೆಳಕು ಸರಿದ ಮೇಲೂ ಅಲ್ಲೇ ಉಳಿಯುವುದು ಏನು ಎಂದು ಇವರು ಕೇಳಿದರು. ಅದಕ್ಕೆ ಪೆನ್ಸಿಲ್ ತಕ್ಕ ಸಾಧನ. ಅಗ್ಗದ ಸಾಧನವೂ ಹೌದು. ಇಂಗ್ಲೆಂಡಿನೊಡನೆ ನಡೆದ ಯುದ್ಧದಿಂದಾಗಿ ಅಲ್ಲಿನ ಗ್ರಾಫೈಟ್ ಬರುವುದು ನಿಂತಾಗ, ಸಿಕ್ಕ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲೆಸಿ ಸುಟ್ಟು ಕಡ್ಡಿ ಮಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಜಾಕ್ ಕೋಂತೆ 1795ರಲ್ಲಿ ಕಂಡುಹಿಡಿದ. ಮಣ್ಣು ಹೆಚ್ಚಾದರೆ ಕಡ್ಡಿ ಗಡಸು, ಕಡಿಮೆಯಾದರೆ ಮೆದು ಮತ್ತು ಕಪ್ಪು. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಎಚ್‌ಬಿ, 2ಬಿ ಪೆನ್ಸಿಲ್ಲುಗಳೂ ಇದೇ ಲೆಕ್ಕದವು. ಒಂದು ಪೆನ್ಸಿಲ್, ಒಂದು ಮೆಂಡರ್, ಒಂದು ರಬ್ಬರ್ ಇದ್ದರೆ ಸೆಜಾನನ ಬಳಿ ಇದ್ದ ಸಲಕರಣೆಯಲ್ಲಿ ಬಹುಪಾಲು ನಮ್ಮ ಮಕ್ಕಳ ಬಳಿಯೂ ಇದ್ದಂತೆ.

ಈಗ ಬದನಗುಪ್ಪೆಗೆ ಬರೋಣ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ಕವಲಂದೆ ದಾಟಿದ ಮೇಲೆ ಸಿಗುವ ಊರು ಇದು. ಬದನಗುಪ್ಪೆ ಮತ್ತು ಕೆಲ್ಲಂಬಳ್ಳಿ ಸುತ್ತಿನ ಸಾವಿರಕ್ಕೂ ಹೆಚ್ಚು ಎಕರೆ ಜಮೀನಿನಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೈಗಾರಿಕಾ ಪ್ರದೇಶ ಮಾಡಿದೆ. ಹಿಂದುಳಿದದ್ದೆಂದು ಹೆಸರಾದ ಜಿಲ್ಲೆಗೆ ಕೆಲಸ ಬರಲಿ ಎಂಬುದು ಅದರ ಉದ್ದೇಶ. ಅದಕ್ಕೆ ತಕರಾರು ಹೇಳುವುದು ಈ ಲೇಖನದ ಗುರಿಯಲ್ಲ. ಆದರೆ ಕೈಗಾರಿಕೆ ಬಂದಲ್ಲಿ ಹೊಲದ ಬದು ಹೋಗಿ ಕಾಂಪೌಂಡ್ ಗೋಡೆ ಬರುತ್ತದೆ. ಬದುವಿನ ಮೇಲಿದ್ದ ಹುಣಸೆ, ಬೇವು, ಹೊಂಗೆಗಳಲ್ಲಿ ಕೆಲವು ಗೋಡೆಯ ಒಳಗಾಗುತ್ತವೆ, ಕೆಲವು ಹೊರಗಾಗುತ್ತವೆ, ಕೆಲವು ಗೋಡೆಯ ಗೆರೆಯ ಮೇಲೇ ಸಿಕ್ಕಿಬೀಳುತ್ತವೆ. ಮರ ಮತ್ತು ಗೋಡೆಯ ಸಂಬಂಧ ಸೆಜಾನನಿಗೆ ಚಿತ್ರದ ಸಮಸ್ಯೆ. ಇಲ್ಲಿ ಅದು ನೆಲದ ಮೇಲಿನ ಸಮಸ್ಯೆ.

ಹಾಗೆ ಗೋಡೆ ಪಕ್ಕಕ್ಕೆ ಬಂದು ನಿಂತ ಬೇವಿನ ಮರವೊಂದನ್ನು ಬರೆಯಲು ಕೂತ ಹೈಸ್ಕೂಲ್ ಹುಡುಗಿಗೆ ಏನೇನು ಕಾಣಬಹುದು? ಗೋಡೆ ಮರಕ್ಕಿಂತ ಹಳೆಯದಾದರೆ ಕಾಂಡ ಬೆಳಕು ಹುಡುಕಿ ಗೋಡೆಯಿಂದ ಆಚೆಗೆ ವಾಲಿರುತ್ತದೆ. ಮರವೇ ಹಳೆಯದಾದರೆ ಕಾಂಡ ನೆಟ್ಟಗಿದ್ದು, ಗೋಡೆ ಕಡೆಯ ಕೊಂಬೆಗಳಷ್ಟೇ ಕಡಿದ ಗುರುತು ಉಳಿದಿರುತ್ತದೆ. ಗೋಡೆಯಲ್ಲಿ ಬಿರುಕಿದ್ದರೆ ಅದು ಬುಡದಿಂದ ಮೇಲಕ್ಕೆ ಹೋಗಿದೆಯೋ, ಮೇಲಿನಿಂದ ಕೆಳಕ್ಕೆ ಬಂದಿದೆಯೋ ಎಂದು ನೋಡಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬುಡ. ದೊಡ್ಡ ಮರದ ಬುಡ ನೆಲ ಮುಟ್ಟುವಲ್ಲಿ ಅಗಲಗೊಂಡು ಬೇರುಗಳಾಗಿ ಹರಡುತ್ತದೆ. ಹಾಗೆ ಹರಡದೆ ಕಂಬ ನೆಟ್ಟಂತೆ ನೇರವಾಗಿ ಮಣ್ಣಿಗಿಳಿದಿದ್ದರೆ, ಸೈಟು ಮಟ್ಟ ಮಾಡುವಾಗ ಬುಡಕ್ಕೆ ಮಣ್ಣು ಏರಿಸಿರಬೇಕು. ಬೇರಿಗೆ ಗಾಳಿ ಸಿಗದೆ ಅಂಥ ಮರ ಒಂದೆರಡು ಮಳೆಗಾಲ ಹಸಿರಾಗಿಯೇ ಇದ್ದು, ಆಮೇಲೆ ತುದಿಯಿಂದ ಒಣಗುತ್ತ ಬರಬಹುದು. ಇದನ್ನು ತಿಳಿಯಲು ಸಸ್ಯಶಾಸ್ತ್ರದ ಪದವಿ ಬೇಡ. ಬುಡದ ಗೆರೆ ಎಲ್ಲಿ ತಿರುಗುತ್ತದೆ ಎಂದು ಹುಡುಕಿ, ಅದು ತಿರುಗುತ್ತಲೇ ಇಲ್ಲ ಎಂದು ಬೆರಗಾದರೆ ಸಾಕು.

ಮರವೊಂದನ್ನು ನಾವು ದಾಖಲಿಸುವ ಬಗೆಗಳನ್ನು ಹೋಲಿಸಿ ನೋಡಿದರೆ ಈ ಮಾತು ಗಟ್ಟಿಯಾಗುತ್ತದೆ. ಕಡಿಯಲು ಅನುಮತಿ ಕೇಳಿದಾಗ ಕಡತಕ್ಕೆ ಸೇರುವುದು ಮರದ ಜಾತಿ, ಎದೆಯೆತ್ತರದ ಸುತ್ತಳತೆ, ಮೋಪಿನ ಅಂದಾಜು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಮೇಲೆ ಇಂಥ ಲೆಕ್ಕಕ್ಕೆ ಕಾನೂನಿನ ಬೆಲೆಯೂ ಇದೆ. ಆದರೆ ಆ ಲೆಕ್ಕದಲ್ಲಿ ಪ್ರತಿ ಮರವೂ ಒಂಟಿ. ಅದರ ಪಕ್ಕದಲ್ಲಿ ಏನಿದೆ, ಅದು ಯಾರ ಜಗಲಿಗೆ ನೆರಳು ಕೊಡುತ್ತದೆ, ಗೋಡೆಯನ್ನು ಎಷ್ಟು ಅಡಿ ಸರಿಸಿದರೆ ಅದು ಉಳಿಯುತ್ತದೆ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ರೇಖಾಚಿತ್ರದ ಜೀವವಿರುವುದೇ ಈ ‘ಪಕ್ಕದಲ್ಲಿ’ ಎಂಬುದರಲ್ಲಿ.

ಇಲ್ಲಿ ಸಹಜವಾದ ಆಕ್ಷೇಪವೊಂದಿದೆ: ಕೈಯಲ್ಲಿ ಮೊಬೈಲ್ ಇರುವಾಗ ಪೆನ್ಸಿಲ್ ಯಾಕೆ? ಫೋಟೋದಲ್ಲಿ ಮರ, ಗೋಡೆ, ಬಿರುಕು, ಬುಡ ಎಲ್ಲವೂ ಬರುತ್ತದೆ. ತಾರೀಖು, ಜಾಗ ಕೂಡ ನಮೂದಾಗುತ್ತದೆ. ನಿಜ. ಕಚೇರಿಯ ಮುಂದೆ ಸಾಕ್ಷಿ ಇಡಬೇಕಾದಾಗ ಫೋಟೋವೇ ಬೇಕು, ಸೆಜಾನ್ ಬರೆದುಕೊಟ್ಟರೂ ನಡೆಯದು. ಆದರೆ ಎಲ್ಲವೂ ಬರುತ್ತದೆ ಎಂಬುದೇ ಅದರ ಮಿತಿ. ತೆಗೆದವರು ಯಾವುದನ್ನೂ ಗಮನಿಸಿರಬೇಕಾಗಿಲ್ಲ. ಬಿರುಕು ಫೋಟೋದಲ್ಲಿದ್ದೂ ತೆಗೆದವರ ಮನಸ್ಸಿನಲ್ಲಿ ಇಲ್ಲದಿರಬಹುದು. ಪೆನ್ಸಿಲ್ಲಿನಲ್ಲಿ ಅದು ಸಾಧ್ಯವಿಲ್ಲ. ಕಾಣದ್ದು ಹಾಳೆಗೆ ಬರುವುದಿಲ್ಲ, ಬಂದದ್ದನ್ನು ಕೈ ಒಮ್ಮೆಯಾದರೂ ಹಾದುಹೋಗಿರುತ್ತದೆ. ಅರ್ಧ ಗಂಟೆ ಕೂತು ಒಂದು ಮರವನ್ನು ಬರೆದವರು ಆಮೇಲೆ ಅದನ್ನು ಫೋಟೋ ತೆಗೆದರೆ ಆ ಫೋಟೋ ಕೂಡ ಬೇರೆಯದಾಗಿರುತ್ತದೆ. ಎರಡನ್ನೂ ಎದುರುಬದುರು ನಿಲ್ಲಿಸುವ ಅಗತ್ಯವಿಲ್ಲ. ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ.

ನಮ್ಮ ಶಾಲೆಗಳು ಈ ನೋಡುವ ವಿದ್ಯೆಯನ್ನು ಕಲಿಸುತ್ತಿವೆಯೇ? ಮಕ್ಕಳಿಗೆ ‘ಒಂದು ದೃಶ್ಯ ಬರೀರಿ’ ಎಂದರೆ ರಾಜ್ಯದ ಯಾವ ಮೂಲೆಯಲ್ಲೂ ಬರುವುದು ಒಂದೇ ಚಿತ್ರ: ಎರಡು ತ್ರಿಕೋನದ ಬೆಟ್ಟ, ನಡುವೆ ಹುಟ್ಟುವ ಸೂರ್ಯ, ನಾಲ್ಕು ಹಕ್ಕಿ, ಒಂದು ಹೊಳೆ, ಗುಡಿಸಲು, ತೆಂಗಿನ ಮರ. ಚಾಮರಾಜನಗರದ ಸುತ್ತಿನ ಮಕ್ಕಳಿಗೆ ಸೂರ್ಯ ನಿಜವಾಗಿಯೂ ಬೆಟ್ಟದ ಹಿಂದಿನಿಂದಲೇ ಹುಟ್ಟುತ್ತಾನೆ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲಿದೆ. ಅದು ತ್ರಿಕೋನವಲ್ಲ, ಬಡಗಿನಿಂದ ತೆಂಕಿಗೆ ಉದ್ದಕ್ಕೆ ಚಾಚಿದ ಸಾಲು. ಇಂಥ ನಿಜವಾದ ಬೆಟ್ಟ ಎದುರಿಗಿದ್ದೂ ಮಗು ಯಾರದೋ ತ್ರಿಕೋನ ಬರೆದರೆ ತಪ್ಪು ಮಗುವಿನದಲ್ಲ. ಮಾದರಿ ನೋಡಿ ನಕಲು ಮಾಡುವುದನ್ನು, ಅಚ್ಚುಕಟ್ಟಾಗಿ ಬಣ್ಣ ತುಂಬುವುದನ್ನು ನಾವು ಮೆಚ್ಚುತ್ತ ಬಂದಿದ್ದೇವೆ. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ತಯಾರಾಗುವಾಗಲೂ ಹೆಚ್ಚಿನ ಮಕ್ಕಳು ಅಭ್ಯಾಸ ಮಾಡುವುದು ಹಿಂದಿನವರ ಹಾಳೆಗಳನ್ನು ನೋಡಿಯೇ. ತರಗತಿಯ ಕಿಟಕಿಯಾಚೆಯ ಮರ ಬರೆಯಲು ಯೋಗ್ಯ ವಸ್ತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದು ಹೊರದೇಶದ ವಿದ್ಯೆ, ನಮ್ಮ ನೆಲಕ್ಕೆ ಒಗ್ಗದು ಎಂಬ ಮಾತಿಗೆ ರುಮಾಲೆ ಚೆನ್ನಬಸವಯ್ಯನವರ ಬದುಕೇ ಉತ್ತರ. ಲಂಡನ್ನಿನಲ್ಲಿ ಫ್ರೈ ಪ್ರದರ್ಶನ ನಡೆಸಿದ 1910ರಲ್ಲೇ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು ಅವರು. ಬೆಂಗಳೂರಿನ ಕಲಾಮಂದಿರದಲ್ಲಿ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿತು, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿ, ವಿಧಾನ ಪರಿಷತ್ತಿನಲ್ಲೂ ಇದ್ದು, 1960ರ ದಶಕದಲ್ಲಿ ರಾಜಕೀಯ ಬಿಟ್ಟು ಮತ್ತೆ ಕುಂಚ ಹಿಡಿದರು. ಬೆಂಗಳೂರಿನ ಹೂ ಬಿಟ್ಟ ಮರಗಳ ಎದುರು, ರಸ್ತೆಯಲ್ಲಿ, ಪಾರ್ಕಿನಲ್ಲಿ ನಿಂತು ಬರೆದರು. ಗಿಡ್ಡ ಗಿಡ್ಡ ಕುಂಚದ ಹೊಡೆತಗಳ ಅವರ ಕೆಲಸ ನೋಡಿದವರಿಗೆ ವ್ಯಾನ್ ಗೋ ನೆನಪಾಗುತ್ತಾನೆ. ಆದರೆ ಅವರು ಬರೆದ ಗುಲ್‌ಮೊಹರು ಬೆಂಗಳೂರಿನದೇ ಹೊರತು ದಕ್ಷಿಣ ಫ್ರಾನ್ಸಿನದಲ್ಲ. ಅವರದು ಬಣ್ಣದ ದಾರಿ, ಅದೂ ಉಕ್ಕುವ ಬಣ್ಣ. ಹಾಗಿದ್ದೂ ಎದುರಿಗಿರುವ ಮರದ ಮುಂದೆ ನಿಂತೇ ಬರೆಯಬೇಕು ಎಂಬ ಹಟದಲ್ಲಿ ಅವರು ಸೆಜಾನನ ಬಳಗದವರು.

ಮೈಸೂರು ಸಂಸ್ಥಾನದ ಆ ತಾಂತ್ರಿಕ ಸಂಸ್ಥೆಯ ಚರಿತ್ರೆ ಇನ್ನೊಂದು ಆಕ್ಷೇಪಕ್ಕೂ ಉತ್ತರ ಕೊಡುತ್ತದೆ. ಬದನಗುಪ್ಪೆಯ ಮಕ್ಕಳಿಗೆ ಬೇಕಾದದ್ದು ಉದ್ಯೋಗ, ಚಿತ್ರ ಬರೆಯುವುದು ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವವರಿದ್ದಾರೆ. ಆ ಸಂಸ್ಥೆಯಲ್ಲಿ ಚಿತ್ರಕಲೆ ಮತ್ತು ಮರಗೆಲಸದಂಥ ಕಸುಬುಗಳು ಒಂದೇ ಸೂರಿನಡಿ ಇದ್ದವು. ಕೈಕಸುಬಿನವನಿಗೆ ಡ್ರಾಯಿಂಗ್ ಬೇಕೇಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು. ಇವತ್ತಿಗೂ ಐಟಿಐಯ ಹಲವು ಕಸುಬುಗಳಿಗೆ ಸೇರಿದವರು ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯಬೇಕು. ಎರಡು ಎತ್ತರಗಳನ್ನು ಹೋಲಿಸುವುದು, ಮುಂದೆ ಹಿಂದೆ ಯಾವುದೆಂದು ಗುರುತಿಸುವುದು, ತೆರಪಿನ ಆಕಾರ ಕಾಣುವುದು ಇವೆಲ್ಲ ಮರದ ಮುಂದೆ ಕೂತು ಕಲಿತರೂ ಮೆಷಿನ್ನಿನ ಮುಂದೆ ಕೆಲಸಕ್ಕೆ ಬರುತ್ತವೆ. ಕಾರ್ಖಾನೆಗಳು ಬಂದಿವೆ ಎಂಬುದು ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಲು ಕಾರಣವಲ್ಲ, ಅದನ್ನು ಗಟ್ಟಿಯಾಗಿ ನಡೆಸಲು ಕಾರಣ.

ಹೀಗೆ ನಡೆಸಲು ದೊಡ್ಡ ಯೋಜನೆ ಬೇಕಾಗಿಲ್ಲ. 1995ರಲ್ಲಿ ನಲಿಕಲಿ ಪ್ರಯೋಗ ಶುರುವಾದದ್ದು ನೆರೆಯ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ. ಅಲ್ಲಿನ ಮೇಷ್ಟ್ರು, ಮೇಡಮ್ಮುಗಳೇ ಪಾಠದ ಬಗೆ ಬದಲಾಯಿಸಿದರು, ಆಮೇಲೆ ಅದು ರಾಜ್ಯಕ್ಕೆ ಹರಡಿತು. ಡ್ರಾಯಿಂಗ್ ವಿಷಯದಲ್ಲೂ ಇಷ್ಟು ಸಾಕು: ತಿಂಗಳಿಗೊಮ್ಮೆ ಶಾಲೆಯ ಕಾಂಪೌಂಡಿನ ಹೊರಗೆ ಒಂದು ಪೀರಿಯಡ್, ಪ್ರತಿ ಸಲವೂ ಅದೇ ಮರ, ಅದೇ ಗೋಡೆ, ಪೆನ್ಸಿಲ್ ಮಾತ್ರ. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಬದಲು ‘ಈ ಗೆರೆ ಇಲ್ಲಿ ಯಾಕೆ ನಿಂತಿತು?’ ಎಂದು ಕೇಳುವ ಮೇಷ್ಟ್ರು. ವರ್ಷದ ಕೊನೆಗೆ ಒಂದು ಮಗುವಿನ ಹಾಳೆಗಳನ್ನು ಸಾಲಾಗಿ ಇಟ್ಟರೆ ಮಗುವಿನ ಬೆಳವಣಿಗೆ ಕಾಣುತ್ತದೆ, ಮರದ್ದೂ ಕಾಣುತ್ತದೆ.

ಇಷ್ಟಾದರೂ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಚಿತ್ರ ಬರೆದ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಬೆಂಗಳೂರಿನ ಮರಗಳನ್ನು ರುಮಾಲೆಯವರಷ್ಟು ಪ್ರೀತಿಯಿಂದ ಬರೆದವರು ವಿರಳ. ಆ ನಗರ ಆಮೇಲೆ ರಸ್ತೆ ಅಗಲಿಸಲು ಎಷ್ಟೋ ಮರ ಕಡಿಯಿತು. ರೇಖಾಚಿತ್ರದಿಂದ ಆಗುವ ಲಾಭ ಅದಕ್ಕಿಂತ ಚಿಕ್ಕದು, ಆದರೆ ಲೆಕ್ಕಕ್ಕೆ ಸಿಗುವಂಥದ್ದು. ಅದು ಮರದ ಬಗ್ಗೆ ಖಚಿತವಾಗಿ ಮಾತಾಡಬಲ್ಲವರನ್ನು ತಯಾರು ಮಾಡುತ್ತದೆ. ‘ಮರ ಉಳಿಸಿ’ ಎಂಬ ಕೂಗಿಗೆ ಅಧಿಕಾರಿ ತಲೆಯಾಡಿಸಿ ಸುಮ್ಮನಾಗಬಹುದು. ‘ಈ ಮೂರನೆಯ ಹುಣಸೆಯ ಬುಡದಿಂದ ಗೋಡೆ ನಾಲ್ಕಡಿ ಸರಿದರೆ ಸಾಕು, ಆ ಬದಿಯಲ್ಲಿ ದೊಡ್ಡ ಬೇರಿಲ್ಲ’ ಎಂಬ ಮಾತಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಯಾವ ಗೋಡೆಯೂ ಮೊದಲು ಹುಟ್ಟುವುದು ಹಾಳೆಯ ಮೇಲಿನ ಗೆರೆಯಾಗಿ. ಬಡಾವಣೆಯ, ಕೈಗಾರಿಕಾ ಪ್ರದೇಶದ ನಕ್ಷೆಗಳಲ್ಲಿ ರಸ್ತೆ, ಚರಂಡಿ, ನಿವೇಶನ, ಕಾಂಪೌಂಡ್ ಎಲ್ಲಕ್ಕೂ ಗೆರೆಯಿರುತ್ತದೆ. ಅಲ್ಲಿ ಮೊದಲೇ ನಿಂತಿರುವ ಮರಕ್ಕೆ ಗುರುತು ಇರುವುದು ಅಪರೂಪ. ನಕ್ಷೆ ಬರೆದವರು ಮರವನ್ನು ದ್ವೇಷಿಸಿ ಬಿಟ್ಟದ್ದಲ್ಲ, ಅವರಿಗೆ ಅದು ಕಾಣಲಿಲ್ಲ. ಆ ನಕ್ಷೆ ಗ್ರಾಮ ಪಂಚಾಯಿತಿಯ ಮುಂದೆ ಬಂದಾಗ ನೋಡುವ ನಮಗೂ ಕಾಣುವುದಿಲ್ಲ. ಪೆನ್ಸಿಲ್ ಹಿಡಿದು ಮರವನ್ನೂ ಗೋಡೆಯನ್ನೂ ಒಂದೇ ಹಾಳೆಯಲ್ಲಿ ತಂದ ಅಭ್ಯಾಸವಿರುವವರಿಗೆ ಅಂಥ ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಲ್ಲಿ ಇಲ್ಲದ ಮರವೇ. ಮುಂದೆ ನಕ್ಷೆ ಬರೆಯುವ, ನಕ್ಷೆಗೆ ಸಹಿ ಹಾಕುವ, ನಕ್ಷೆಗೆ ತಕರಾರು ಸಲ್ಲಿಸುವ ಮೂವರೂ ಇವತ್ತು ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕೂತಿದ್ದಾರೆ. ಅವರಿಗೆ ಈ ಕಣ್ಣು ಕೊಡಲು ತಗಲುವ ಖರ್ಚು ತಲೆಗೊಂದು ಪೆನ್ಸಿಲ್; ಕೊಡದೆ ಬಿಟ್ಟರೆ ಆಗುವ ನಷ್ಟಕ್ಕೆ ಮೋಪಿನ ಲೆಕ್ಕ ಸಾಲುವುದಿಲ್ಲ.